ಪ್ರಿಸಂ ಕನ್ನಡಕದಿಂದ ‘ಪ-ತ-ಕ’ದವರೆಗೆ: ಮೆದುಳು ಕೈಯನ್ನೂ ನಾಲಿಗೆಯನ್ನೂ ತಿದ್ದಿಕೊಳ್ಳುವ ಬಗೆ

ತರಗತಿಮಿತ್ರ
ಶರೀರಕ್ರಿಯಾಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ಎರಡು ಗಂಟೆಯ ಪ್ರಾಯೋಗಿಕ ಪಾಠವೊಂದನ್ನು ಹೊಂದಿಸಬೇಕಿದೆ. ಮೆದುಳು ಚಲನೆಯನ್ನು ಹೇಗೆ ಯೋಜಿಸುತ್ತದೆ, ತಪ್ಪಾದಾಗ ಹೇಗೆ ತಿದ್ದಿಕೊಳ್ಳುತ್ತದೆ ಅನ್ನುವುದು ವಿಷಯ. ನೋಟವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಗುರಿಗೆ ಎಸೆಯಲು ಹೇಳುವ ಪ್ರಯೋಗ ಒಂದು, ಅದರ ಜೊತೆಗೆ ಮಾತಿಗೆ ಸಂಬಂಧಿಸಿದ್ದು ಇನ್ನೊಂದು, ಹೀಗೆ ಯೋಚನೆ ಇದೆ. ಯಾವ ಶಕ್ತಿಯ ಪ್ರಿಸಂ ಬೇಕು, ಎಷ್ಟು ಎಸೆತ ಬೇಕು, ಎಲ್ಲಿ ಎಡವಟ್ಟಾಗುತ್ತದೆ? ಕೈಗೆ ಅನ್ವಯಿಸುವ ತತ್ವ ನಾಲಿಗೆಗೂ ಅನ್ವಯಿಸುತ್ತದೆ ಎಂದು ಹೇಳಬಹುದೇ? ಬಲ್ಲವರು ವಿವರವಾಗಿ ತಿಳಿಸಿ.

ಕದಲಿಕೆ
ಮೊದಲು ಪ್ರಿಸಂ ವಿಷಯ. 20 ಡಯಾಪ್ಟರ್‌ನದು ಸಾಕು. ಒಂದು ಮೀಟರ್ ದೂರಕ್ಕೆ 20 ಸೆಂಟಿಮೀಟರ್ ಸರಿಸುತ್ತದೆ, ಎರಡು ಮೀಟರ್‌ಗೆ 40. ಕೋನದಲ್ಲಿ ಹೇಳುವುದಾದರೆ 11 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಎರಡೂ ಕಣ್ಣಿಗೆ ಒಂದೇ ದಿಕ್ಕಿನಲ್ಲಿ ಕೂರಿಸಿ. ಪ್ರಿಸಂನ ದಪ್ಪ ಬದಿ ಎಡಕ್ಕಿದ್ದರೆ ನೋಟ ಬಲಕ್ಕೆ ಸರಿಯುತ್ತದೆ, ಮೊದಲ ಎಸೆತಗಳು ಬಲಕ್ಕೆ ಬೀಳುತ್ತವೆ.

ಚೆಂಡು ಬೇಡ. ಬಡಿದು ಪುಟಿದರೆ ಎಲ್ಲಿ ತಾಗಿತೆಂದು ಗುರುತು ಸಿಗುವುದಿಲ್ಲ. ಮೆತ್ತಿಕೊಳ್ಳುವ ಜೇಡಿಮಣ್ಣಿನ ಉಂಡೆ ಒಳ್ಳೆಯದು. ಗೋಡೆಗೆ ದೊಡ್ಡ ಕಾಗದ ಅಂಟಿಸಿ, ನಡುವೆ ನೇರ ಗೆರೆ ಎಳೆಯಿರಿ. ಅಡ್ಡ ದೂರ ಮಾತ್ರ ಅಳೆಯಿರಿ, ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್. ಮೇಲೆ ಬಿತ್ತೋ ಕೆಳಗೆ ಬಿತ್ತೋ ಲೆಕ್ಕವಿಲ್ಲ.

ಕ್ರಮ ಹೀಗಿರಲಿ: ಕನ್ನಡಕ ಇಲ್ಲದೆ 15 ಎಸೆತ, ಕನ್ನಡಕದೊಂದಿಗೆ 40, ತೆಗೆದ ಮೇಲೆ 20. ಹೆಚ್ಚಿನವರಲ್ಲಿ ಹತ್ತರಿಂದ ಮೂವತ್ತು ಎಸೆತಗಳೊಳಗೆ ತಪ್ಪು ಸೊನ್ನೆಯ ಹತ್ತಿರ ಬರುತ್ತದೆ. ಕನ್ನಡಕ ತೆಗೆದ ಕೂಡಲೇ ಉಂಡೆ ಎಡಕ್ಕೆ ಬೀಳುತ್ತದೆ. ಈ ವಿರುದ್ಧ ದಿಕ್ಕಿನ ತಪ್ಪೇ ಪ್ರಯೋಗದ ಜೀವಾಳ, ವಿದ್ಯಾರ್ಥಿಗಳ ಕಣ್ಣು ಅಲ್ಲಿರಬೇಕು.

ಕೆಡುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಎಸೆಯುವ ಮುಂಚೆ ತೋಳನ್ನು ಕಣ್ಣೆದುರು ಹಿಡಿದು ನಿಧಾನಕ್ಕೆ ಗುರಿ ಇಟ್ಟರೆ ನೋಡುತ್ತ ನೋಡುತ್ತಲೇ ತಿದ್ದಿಕೊಳ್ಳುತ್ತಾರೆ, ಕಲಿಕೆಗೆ ಬೇಕಾದ ತಪ್ಪೇ ಉಳಿಯುವುದಿಲ್ಲ. ಕೈ ಕೆಳಗಿನಿಂದ ಹೊರಟು ಬೀಸಿ ಎಸೆಯಬೇಕು. ತಲೆ ವಾಲಿಸಲು, ಭುಜ ತಿರುಗಿಸಲು ಬಿಡಬಾರದು. ನೆಲಕ್ಕೆ ಅಂಟುಪಟ್ಟಿ ಹಾಕಿ ಪಾದದ ಜಾಗ ಗುರುತಿಸಿ. ಕನ್ನಡಕವನ್ನು ಕಣ್ಣು ಮುಚ್ಚಿಕೊಂಡೇ ತೆಗೆಯಬೇಕು, ಗುರಿಗೆದುರು ನಿಂತ ಮೇಲೇ ಕಣ್ಣು ತೆರೆಯಬೇಕು. ನಡುವೆ ತನ್ನ ಕೈ ನೋಡಿಕೊಂಡು ಉಂಡೆ ಉರುಟಿಸುತ್ತ ಕೂತರೆ ಅಷ್ಟರಲ್ಲೇ ಹೊಂದಾಣಿಕೆ ಕರಗತೊಡಗುತ್ತದೆ. ಉಂಡೆಯನ್ನು ಬೇರೆಯವರು ಅಂಗೈಗೆ ಇಡಲಿ.

ಮೇಲ್ಗೈಯಿಂದ ಎಸೆಯುವಾಗ ಕಲಿತದ್ದು ಕೆಳಗೈ ಎಸೆತಕ್ಕೆ ಹೆಚ್ಚಿನವರಲ್ಲಿ ದಾಟುವುದಿಲ್ಲ. ಸಮಯವಿದ್ದರೆ ಇದನ್ನೂ ತೋರಿಸಿ. ‘ಕಣ್ಣು ಹೊಂದಿಕೊಂಡಿತು’ ಎಂದು ವಿದ್ಯಾರ್ಥಿಗಳು ಹೇಳುವ ವಿವರಣೆ ಅಲ್ಲಿಗೆ ಬಿದ್ದುಹೋಗುತ್ತದೆ. ಕಣ್ಣೊಂದೇ ಹೊಂದಿಕೊಂಡಿದ್ದರೆ ಎರಡೂ ಎಸೆತ ಒಟ್ಟಿಗೇ ಬದಲಾಗಬೇಕಿತ್ತಲ್ಲ.

ನರತಂತು
ಕದಲಿಕೆ ಅವರು ಹೇಳಿದ್ದಕ್ಕೆ ಕಾರಣವನ್ನು ಸೇರಿಸುತ್ತೇನೆ.

ಕಣ್ಣಿಂದ ಬಂದ ಸುದ್ದಿ ಕೈಯ ಚಲನೆಯನ್ನು ಬದಲಿಸಲು ಸುಮಾರು 100ರಿಂದ 200 ಮಿಲಿಸೆಕೆಂಡ್ ಹಿಡಿಯುತ್ತದೆ. ತೋಳಿನ ಸ್ನಾಯು ಎಳೆದಾಗ ಬೆನ್ನುಹುರಿಯಿಂದ ಬರುವ ಪ್ರತಿವರ್ತನೆ 25ರಿಂದ 50 ಮಿಲಿಸೆಕೆಂಡ್‌ನಲ್ಲಿ, ಕಾರ್ಟೆಕ್ಸ್ (ಮೆದುಳಿನ ಹೊರಪದರ) ಸೇರಿಕೊಂಡ ಉತ್ತರ 50ರಿಂದ 100ರಲ್ಲಿ. ಬೀಸಿದ ಕೈಯಿಂದ ಉಂಡೆ ಬಿಟ್ಟುಹೋಗುವ ಗಳಿಗೆಯಲ್ಲಿ ಆ ತಪ್ಪನ್ನು ನೋಡಿ ತಿದ್ದಲು ಕಾಲವೇ ಇಲ್ಲ. ಆದ್ದರಿಂದ ಆಜ್ಞೆ ಮೊದಲೇ ಸರಿಯಾಗಿರಬೇಕು. ಮೋಟಾರ್ ಕಾರ್ಟೆಕ್ಸ್ ಆಜ್ಞೆ ಕಳಿಸುವಾಗ ಅದರ ಒಂದು ನಕಲು ಸೆರೆಬೆಲ್ಲಂಗೆ, ಅಂದರೆ ಕಿರುಮೆದುಳಿಗೂ ಹೋಗುತ್ತದೆ. ‘ಈ ಆಜ್ಞೆ ಕೊಟ್ಟರೆ ಇಂಥದ್ದು ಕಾಣಬೇಕು, ಇಂಥದ್ದು ತಾಗಬೇಕು’ ಎಂಬ ಮುನ್ಸೂಚನೆ ಅಲ್ಲಿ ತಯಾರಾಗುತ್ತದೆ. ಆಮೇಲೆ ಬಂದ ಸುದ್ದಿ ಅದಕ್ಕೆ ಹೊಂದದಿದ್ದರೆ ಉಳಿಯುವ ವ್ಯತ್ಯಾಸವೇ ಕಲಿಕೆಯ ಸಂಕೇತ.

ಮನುಷ್ಯನ ಮೆದುಳಿನ ಸುಮಾರು 86 ಶತಕೋಟಿ ನರಕೋಶಗಳಲ್ಲಿ 69 ಶತಕೋಟಿಯಷ್ಟು ಕಿರುಮೆದುಳಲ್ಲೇ ಇವೆ, ಬಹುಪಾಲು ಚಿಕ್ಕ ಗ್ರಾನ್ಯೂಲ್ ಕೋಶಗಳು. ಅವುಗಳ ತಂತುಗಳು ಕಿರುಮೆದುಳಿನ ದೊಡ್ಡ ನರಕೋಶಗಳಾದ ಪರ್ಕಿಂಜೆ ಕೋಶಗಳಲ್ಲಿ ಒಂದೊಂದರ ಮೇಲೆ ಲಕ್ಷಕ್ಕೂ ಹೆಚ್ಚು ಸಂಧಿ (ಸಿನಾಪ್ಸ್) ಮಾಡುತ್ತವೆ. ಅದೇ ಪರ್ಕಿಂಜೆ ಕೋಶಕ್ಕೆ ಮೆದುಳುಕಾಂಡದಿಂದ ಬರುವ ಕ್ಲೈಂಬಿಂಗ್ ತಂತು ಮಾತ್ರ ಒಂದೇ. ಅದು ಮಿಡಿಯುವುದು ಸೆಕೆಂಡಿಗೆ ಸುಮಾರು ಒಂದು ಸಲ. ಇಷ್ಟು ಅಪರೂಪದ ಮಿಡಿತ ಚಲನೆಯನ್ನು ನಡೆಸಲಾರದು, ‘ತಪ್ಪಾಯಿತು’ ಎಂದು ಸಾರಲು ಬೇಕಾದಷ್ಟಾಯಿತು. ಈ ತರ್ಕವನ್ನು 1969ರಲ್ಲಿ ಡೇವಿಡ್ ಮಾರ್, 1971ರಲ್ಲಿ ಜೇಮ್ಸ್ ಆಲ್ಬಸ್ ಬೇರೆಬೇರೆಯಾಗಿ ಮಂಡಿಸಿದರು. ತಪ್ಪಿನ ಸಂಕೇತದ ಜೊತೆಗೇ ಚುರುಕಾಗಿದ್ದ ಸಂಧಿಗಳು ಆಮೇಲೆ ದುರ್ಬಲವಾಗುತ್ತವೆ ಎಂದು 1982ರಲ್ಲಿ ಮಸಾವೊ ಇಟೊ ಅವರ ತಂಡ ತೋರಿಸಿತು. ಕಲಿಕೆಯೆಲ್ಲ ಆ ಒಂದೇ ಸಂಧಿಯಲ್ಲಿ ನಡೆಯುವುದಿಲ್ಲ, ಅದು ಬೇರೆ ಮಾತು. ಕಿರುಮೆದುಳಿಗೆ ಪೆಟ್ಟಾದವರಿಗೆ ಇದೇ ಪ್ರಿಸಂ ಹಾಕಿಸಿದರೆ ಎಸೆತ ಬಲಕ್ಕೇ ಬೀಳುತ್ತಿರುತ್ತದೆ, ತೆಗೆದ ಮೇಲೆ ಎಡಕ್ಕೆ ಹೋಗುವುದೂ ಇಲ್ಲ ಅಥವಾ ಬಹಳ ಕಡಿಮೆ.

ಅಳತೆಗೋಲು
ಒಂದು ಎಚ್ಚರಿಕೆ. ಎಸೆತ ಸರಿಹೋಯಿತು ಅಂದಮಾತ್ರಕ್ಕೆ ಮೆದುಳು ಹೊಂದಿಕೊಂಡಿತು ಎಂದಲ್ಲ. ಜಾಣ ವಿದ್ಯಾರ್ಥಿ ಎರಡನೆಯ ಎಸೆತಕ್ಕೇ ‘ಓ, ಬಲಕ್ಕೆ ಹೋಗುತ್ತಿದೆ, ಎಡಕ್ಕೆ ಗುರಿ ಇಡೋಣ’ ಎಂದುಕೊಳ್ಳುತ್ತಾನೆ. ಗ್ರಾಫ್ ಸುಂದರವಾಗಿ ಸೊನ್ನೆಗಿಳಿಯುತ್ತದೆ, ಅದು ಬರೀ ಉಪಾಯ.

ಎರಡೂ ಬೇರೆ ಅನ್ನುವುದನ್ನು ಮಝ್ಝೋನಿ ಮತ್ತು ಕ್ರಾಕವರ್ 2006ರಲ್ಲಿ ಚೆನ್ನಾಗಿ ತೋರಿಸಿದರು. ಪರದೆಯ ಮೇಲೆ ಕರ್ಸರ್ ಕೈಗಿಂತ 45 ಡಿಗ್ರಿ ತಿರುಗಿ ಓಡುತ್ತದೆ. ‘ಪಕ್ಕದ ಗುರಿಗೆ ಇಡಿ, ಸರಿಹೋಗುತ್ತದೆ’ ಎಂದು ಹೇಳಿಕೊಟ್ಟರು. ತಪ್ಪು ತಕ್ಷಣ ಹೋಯಿತು. ಆದರೆ ಮುಂದಿನ ಪ್ರಯತ್ನಗಳಲ್ಲಿ ಕೈ ತಾನಾಗಿಯೇ ವಾಲುತ್ತ ಹೋಗಿ ಗುರಿ ತಪ್ಪತೊಡಗಿತು. ಗುರಿ ಮುಟ್ಟಿದ್ದರೂ ಒಳಗಿನ ವ್ಯವಸ್ಥೆಗೆ ಸಮಾಧಾನವಿಲ್ಲ. ತಾನು ಇಟ್ಟ ದಿಕ್ಕಿಗೂ ಕರ್ಸರ್ ಹೋದ ದಿಕ್ಕಿಗೂ ಇರುವ ವ್ಯತ್ಯಾಸವನ್ನು ಅದು ತಿದ್ದುತ್ತಲೇ ಇತ್ತು, ಉಪಾಯವನ್ನು ಕೆಡಿಸಿಯಾದರೂ. ಈ ಫಲಿತಾಂಶವನ್ನು ತರಗತಿಯಲ್ಲಿ ಬಿಡಿಸಿ ಹೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಪ್ರಯೋಗದಲ್ಲಿ ಪರಿಹಾರ ಸುಲಭ. ಕನ್ನಡಕ ತೆಗೆದ ಮೇಲೆ ಸ್ಪಷ್ಟವಾಗಿ ಹೇಳಿ: ‘ಈಗ ಪ್ರಿಸಂ ಇಲ್ಲ. ಉಪಾಯ ಬಿಟ್ಟು ಗೆರೆಗೇ ನೇರ ಎಸೆಯಿರಿ.’ ಆಗಲೂ ಎಡಕ್ಕೆ ಬಿದ್ದಷ್ಟು ಭಾಗ ಮಾತ್ರ ನಿಜವಾದ ಹೊಂದಾಣಿಕೆ. 40 ಸೆಂಟಿಮೀಟರ್ ಸರಿಸಿದ್ದಕ್ಕೆ ಪೂರ್ತಿ 40 ಎಡಕ್ಕೆ ಬರಲಿಲ್ಲವೆಂದರೆ ಗಾಬರಿ ಬೇಡ. ಉಪಾಯದ ಪಾಲು ಕಳಚಿಕೊಂಡಿರುತ್ತದೆ.

ಧ್ವನಿಪೆಟ್ಟಿಗೆ
ಮಾತಿನ ಭಾಗ ನನ್ನದು. ತತ್ವ ನಾಲಿಗೆಗೂ ಅನ್ವಯಿಸುತ್ತದೆಯೇ ಅಂದರೆ, ಕೈಗಿಂತ ಹೆಚ್ಚು ಬಿಗಿಯಾಗಿ. ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ನಾಲ್ಕಾರು ಅಕ್ಷರ, ಬಿಡಿ ಧ್ವನಿಗಳ ಲೆಕ್ಕದಲ್ಲಿ ಹತ್ತು ಹದಿನೈದು. ತನ್ನ ದನಿ ಬದಲಾಗಿ ಕೇಳಿಸಿದ್ದಕ್ಕೆ ಬಾಯಿ ಉತ್ತರಿಸಲು 100 ಮಿಲಿಸೆಕೆಂಡ್‌ಗೂ ಹೆಚ್ಚು ಬೇಕು, ಅಷ್ಟರಲ್ಲಿ ಮುಂದಿನ ಧ್ವನಿ ಬಂದುಬಿಟ್ಟಿರುತ್ತದೆ. ಹಾಗಾಗಿ ಮುಂಯೋಜನೆ ಇಲ್ಲದೆ ಮಾತೇ ಇಲ್ಲ. ಕನ್ನಡಿ ಮುಂದೆ ‘ಸೀರೆ’, ‘ಸೂಜಿ’ ಎಂದು ಹೇಳಿಸಿ. ‘ಸೂಜಿ’ಯಲ್ಲಿ ಇನ್ನೂ ‘ಸ್’ ಎಂಬ ಸೀಟಿ ನಡೆಯುತ್ತಿರುವಾಗಲೇ ತುಟಿ ದುಂಡಗಾಗಿ ಮುಂದೆ ಬಂದಿರುತ್ತದೆ, ‘ಸೀರೆ’ಯಲ್ಲಿ ಹಿಂದಕ್ಕೆ ಹರಡಿರುತ್ತದೆ. ಇನ್ನೂ ಬಾರದ ಸ್ವರಕ್ಕೆ ತುಟಿ ಆಗಲೇ ಸಿದ್ಧ. ಉಪಕರಣವಿಲ್ಲದೆ ಯೋಜನೆಯನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಪ್ರಿಸಂಗೆ ಸಮನಾದ ಮಾತಿನ ಪ್ರಯೋಗವನ್ನು 1998ರಲ್ಲಿ ಹೌಡ್ ಮತ್ತು ಜೋರ್ಡನ್ ಪ್ರಕಟಿಸಿದರು. ಆಡಿದ ಸ್ವರಕ್ಕೆ ಗುರುತು ಕೊಡುವ ಅನುರಣನ ಆವೃತ್ತಿಗಳನ್ನು, ಅಂದರೆ ಫಾರ್ಮಂಟ್‌ಗಳನ್ನು ಕಂಪ್ಯೂಟರ್ ಆಗಿಂದಾಗಲೇ ಬದಲಿಸಿ ಇಯರ್‌ಫೋನಿಗೆ ಕೊಡುತ್ತದೆ. ಹೇಳುವುದು ‘ಎ’, ಕೇಳಿಸುವುದು ‘ಆ’ ಕಡೆಗೆ ವಾಲಿದ ಸ್ವರ. ಕೆಲಹೊತ್ತಿನಲ್ಲಿ ಬಾಯಿ ಗೊತ್ತಿಲ್ಲದೆಯೇ ವಿರುದ್ಧ ದಿಕ್ಕಿಗೆ, ‘ಇ’ ಕಡೆಗೆ, ಸರಿಯುತ್ತದೆ. ಕಿವಿಗೆ ಗದ್ದಲ ತುಂಬಿ ತನ್ನ ದನಿಯೇ ಕೇಳದಂತೆ ಮಾಡಿದರೂ ಆ ಬದಲಾವಣೆ ಉಳಿದಿರುತ್ತದೆ. ಅವರು ಪಿಸುಮಾತಿನಲ್ಲಿ ಮಾಡಿಸಿದ್ದಕ್ಕೆ ಒಂದು ಕಾರಣವಿದೆ: ಜೋರಾಗಿ ಮಾತಾಡಿದರೆ ನಿಜವಾದ ದನಿ ತಲೆಬುರುಡೆಯ ಮೂಲಕ ಒಳಗಿವಿಗೆ ತಲುಪಿ, ಕೃತಕ ದನಿಯ ಜೊತೆ ಬೆರೆಯುತ್ತದೆ.

ಪೂರ್ತಿ ಸರಿದೂಗುವುದನ್ನು ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ಕೊಟ್ಟ ಬದಲಾವಣೆಯ ಕಾಲು ಭಾಗದಿಂದ ಅರ್ಧದವರೆಗೆ. ಕಿವಿ ‘ತಪ್ಪು’ ಎಂದರೂ ನಾಲಿಗೆ ಅಂಗುಳದ ಸ್ಪರ್ಶ ‘ಸರಿಯಾಗಿಯೇ ಇದೆ’ ಎನ್ನುತ್ತಿರುತ್ತದೆ, ಇಬ್ಬರ ನಡುವೆ ರಾಜಿಯಾಗುತ್ತದೆ ಎಂಬುದು ಮುಖ್ಯ ವಿವರಣೆ.

ತರಗತಿಮಿತ್ರ
ತುಂಬಾ ಉಪಯೋಗವಾಯಿತು, ಮೇಡಂ. ಸಾಮಾನ್ಯ ಲ್ಯಾಪ್‌ಟಾಪ್, ಬ್ಲೂಟೂತ್ ಹೆಡ್‌ಫೋನ್ ಇಟ್ಟುಕೊಂಡು ಈ ಫಾರ್ಮಂಟ್ ಪ್ರಯೋಗ ಮಾಡಿಸಬಹುದೇ?

ಧ್ವನಿಪೆಟ್ಟಿಗೆ
ಬ್ಲೂಟೂತ್ ಖಂಡಿತ ಬೇಡ. ಅದರ ವಿಳಂಬವೇ 100ರಿಂದ 200 ಮಿಲಿಸೆಕೆಂಡ್ ಇರಬಹುದು. ತನ್ನ ಮಾತು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ಸರಾಗವಾಗಿ ಮಾತಾಡುವವರೂ ಅಕ್ಷರ ಎಳೆಯುತ್ತಾರೆ, ಮರುಕಳಿಸುತ್ತಾರೆ. ನಿಮ್ಮ ಫಾರ್ಮಂಟ್ ಪ್ರಯೋಗ ಅಲ್ಲಿಗೆ ಹಾಳು. ಮೈಕ್‌ನಿಂದ ಕಿವಿಗೆ ಒಟ್ಟು ವಿಳಂಬ 20 ಮಿಲಿಸೆಕೆಂಡ್ ಒಳಗಿರಲಿ. ತಂತಿಯ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಹೊರಗಿನ ಆಡಿಯೊ ಇಂಟರ್‌ಫೇಸ್, ಬಾಯಿಯಿಂದ ಒಂದೇ ದೂರದಲ್ಲಿ ನಿಲ್ಲುವ ಮೈಕ್ ಬೇಕು. ಪದಗಳು ಚಿಕ್ಕವಿರಲಿ, ಸ್ವರ ಕನಿಷ್ಠ 200-300 ಮಿಲಿಸೆಕೆಂಡ್ ನಿಲ್ಲಲಿ. ಬದಲಾವಣೆಯನ್ನು ಒಮ್ಮೆಲೇ ಕೊಡದೆ ಮೂವತ್ತು ಉಚ್ಚಾರಣೆಗಳ ಮೇಲೆ ಹಂತಹಂತವಾಗಿ 25-30 ಪ್ರತಿಶತಕ್ಕೆ ಏರಿಸಿ. ಹೀಗೆ ಮಾಡಿದರೆ ಬಹುಪಾಲು ಜನರಿಗೆ ಗೊತ್ತೇ ಆಗುವುದಿಲ್ಲ, ಅಳತೆಗೋಲು ಹೇಳಿದ ಉಪಾಯದ ಕಾಟವೂ ತಪ್ಪುತ್ತದೆ.

ಅಳೆಯುವುದು ದನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ. ಐದು ಫಾರ್ಮಂಟ್‌ಗಳಿಗೆ ಮೇಲ್ಮಿತಿ ಗಂಡು ದನಿಗೆ 5000 ಹರ್ಟ್ಸ್, ಹೆಣ್ಣು ದನಿಗೆ 5500. ಶ್ರುತಿ ಹೆಚ್ಚಿರುವ ದನಿಯಲ್ಲಿ ಮೂಲ ಶ್ರುತಿಯ ಗುಣಕಗಳಾದ ಹಾರ್ಮೋನಿಕ್‌ಗಳು ದೂರದೂರ ಇರುವುದರಿಂದ ತಂತ್ರಾಂಶ ಮೊದಲ ಫಾರ್ಮಂಟ್ ಬದಲು ಹತ್ತಿರದ ಹಾರ್ಮೋನಿಕ್ ಅನ್ನೇ ಹಿಡಿದುಬಿಡುತ್ತದೆ. ಸ್ವರದ ನಡುಭಾಗವನ್ನೇ ಅಳೆಯಿರಿ, ಅಂಕಿ ನಂಬುವ ಮುಂಚೆ ಸ್ಪೆಕ್ಟ್ರೋಗ್ರಾಂ (ದನಿಯ ಆವೃತ್ತಿಗಳ ಚಿತ್ರ) ನೋಡಿ.

ಇಷ್ಟು ಸಲಕರಣೆ ಸಿಗದಿದ್ದರೆ ಎರಡು ಸರಳ ಪ್ರದರ್ಶನಗಳಿವೆ. ಒಂದು, ಆಗಲೇ ಹೇಳಿದ 200 ಮಿಲಿಸೆಕೆಂಡ್ ವಿಳಂಬ. ಇನ್ನೊಂದು, 1911ರಿಂದ ಎಟಿಯೆನ್ ಲೊಂಬಾರ್ಡ್ ಹೆಸರಲ್ಲಿ ಗುರುತಿಸುವ ಪರಿಣಾಮ: ಓದುತ್ತಿರುವವರ ಕಿವಿಗೆ ಗದ್ದಲ ಕೊಟ್ಟರೆ ದನಿ ತಾನಾಗಿ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಗದ್ದಲದ ಮಟ್ಟ ಕಿವಿಗೆ ಹಿತವಾಗಿರುವಷ್ಟಕ್ಕೇ ಇರಲಿ. ಇವೆರಡೂ ಕಿವಿಯ ಪಾತ್ರವನ್ನು ತೋರಿಸುತ್ತವೆ, ಕಲಿಕೆಯನ್ನಲ್ಲ.

ಹೆಜ್ಜೆಗತಿ
ಎಲ್ಲರೂ ಮುನ್ಸೂಚನೆಯ ಕಡೆಗೇ ವಾಲಿದ್ದೀರಿ. ‘ಫೀಡ್‌ಬ್ಯಾಕ್ ನಿಧಾನ, ಆದ್ದರಿಂದ ಮಾತಿಗೆ ಪ್ರಯೋಜನವಿಲ್ಲ’ ಎಂದು ವಿದ್ಯಾರ್ಥಿಗಳು ಅರ್ಥ ಮಾಡಿಕೊಂಡರೆ ತಪ್ಪು. ಕಿವಿಯ ದಾರಿ ನಿಧಾನ, ಸ್ನಾಯು ಮತ್ತು ಚರ್ಮದ ದಾರಿ ಅಲ್ಲ. 1984ರಲ್ಲಿ ಕೆಲ್ಸೊ ಮತ್ತು ಜೊತೆಗಾರರು ಮಾತಾಡುತ್ತಿರುವವರ ದವಡೆಯನ್ನು ಯಂತ್ರದಿಂದ ಥಟ್ಟನೆ ಕೆಳಕ್ಕೆ ಎಳೆದರು. ‘ಬ್’ ಮುಚ್ಚುವ ಹೊತ್ತಿಗೆ ಎಳೆದರೆ ಮೇಲ್ತುಟಿ ಹೆಚ್ಚು ಕೆಳಗಿಳಿದು ತುಟಿ ಮುಚ್ಚಿತು. ‘ಝ್’ ಥರದ ಧ್ವನಿಯ ಹೊತ್ತಿಗೆ ಎಳೆದರೆ ತುಟಿ ಸುಮ್ಮನಿತ್ತು, ನಾಲಿಗೆಯ ಸ್ನಾಯು ಚುರುಕಾಯಿತು. ಉತ್ತರ ಬಂದದ್ದು 20-30 ಮಿಲಿಸೆಕೆಂಡ್‌ನಲ್ಲಿ. ಎಳೆತ ಒಂದೇ, ಉತ್ತರ ಬೇರೆ, ಏಕೆಂದರೆ ಆಡಬೇಕಾದ ಧ್ವನಿ ಬೇರೆ.

ಜೊತೆಗೆ 2003ರ ಟ್ರೆಂಬ್ಲೆ, ಶಿಲ್ಲರ್, ಆಸ್ಟ್ರಿ ಅವರ ಕೆಲಸ. ರೋಬೋ ದವಡೆಯನ್ನು ಮುಂದಕ್ಕೆ ತಳ್ಳುತ್ತದೆ, ದನಿ ಮಾತ್ರ ಬದಲಾಗುವುದಿಲ್ಲ. ಕಿವಿಗೆ ಯಾವ ತಪ್ಪೂ ಕೇಳಿಸದಿದ್ದರೂ ಅಭ್ಯಾಸವಾದಂತೆ ದವಡೆ ತನ್ನ ಹಳೆಯ ದಾರಿಗೆ ಮರಳಿತು. ಅಂದರೆ ಮಾತಿನ ಗುರಿ ದನಿ ಮಾತ್ರವಲ್ಲ, ಬಾಯೊಳಗಿನ ಅನುಭವವೂ ಹೌದು.

ನರತಂತು
ಒಪ್ಪಿದೆ, ಈ ತಿದ್ದುಪಡಿ ಬೇಕಿತ್ತು. ಎರಡನ್ನೂ ಜೋಡಿಸುವ ಚೌಕಟ್ಟು 2002ರ ಟೊಡೊರೊವ್-ಜೋರ್ಡನ್ ಸಿದ್ಧಾಂತದಲ್ಲಿದೆ. ಮೆದುಳು ಚಲನೆಯ ಒಂದು ನಿಗದಿತ ದಾರಿಯನ್ನು ಬರೆದಿಟ್ಟು ಅದನ್ನೇ ಹಿಂಬಾಲಿಸುವುದಿಲ್ಲ. ಯಾವ ವ್ಯತ್ಯಾಸ ಬಂದರೆ ಎಷ್ಟು ತಿದ್ದಬೇಕು ಎಂಬ ನಿಯಮವನ್ನು ಯೋಜಿಸುತ್ತದೆ. ಗುರಿಗೆ ಧಕ್ಕೆಯಾಗುವ ವ್ಯತ್ಯಾಸವನ್ನು ತಿದ್ದುತ್ತದೆ, ಧಕ್ಕೆಯಾಗದ್ದನ್ನು ಬಿಟ್ಟುಬಿಡುತ್ತದೆ. ‘ಬ್’ಗೆ ತುಟಿ ಮುಚ್ಚುವುದು ಮುಖ್ಯ, ಯಾವ ತುಟಿ ಎಷ್ಟು ಸರಿಯಿತು ಎಂಬುದು ಮುಖ್ಯವಲ್ಲ.

ಪಾಠದಲ್ಲಿ ‘ಮಸಲ್ ಮೆಮೊರಿ’ ಅನ್ನುವ ಮಾತು ಬಂದರೆ ಅಲ್ಲೇ ಸರಿಪಡಿಸಿ. ಈ ನೆನಪು ಇರುವುದು ನರಮಂಡಲದಲ್ಲಿ.

ಪ್ರಶ್ನಾರ್ಥಕ
ವಾಕ್ ಚಿಕಿತ್ಸೆ ಕಲಿಯುತ್ತಿರುವವರಿಗಾಗಿ ಒಂದು ಪ್ರಶ್ನೆ. ಪಾರ್ಶ್ವವಾಯು ಆದವರ ಮಾತು ಕೆಟ್ಟಿದೆ. ಯೋಜನೆ ಕೆಟ್ಟಿದೆಯೋ, ಸ್ನಾಯುವಿನ ನಿಯಂತ್ರಣ ಕೆಟ್ಟಿದೆಯೋ ಎಂದು ಈ ಅಕ್ಷರಗಳನ್ನು ಬೇಗಬೇಗ ಹೇಳಿಸುವ ‘ಪ-ತ-ಕ’ ಪರೀಕ್ಷೆಯಿಂದ ಹೇಗೆ ಗೊತ್ತುಮಾಡುವುದು?

ಧ್ವನಿಪೆಟ್ಟಿಗೆ
ಮೊದಲು ‘ಪಪಪಪ’, ಆಮೇಲೆ ‘ತತತತ’, ಆಮೇಲೆ ‘ಕಕಕಕ’, ಪ್ರತಿಯೊಂದೂ ಒಂದೇ ಉಸಿರಲ್ಲಿ, ಆದಷ್ಟು ಬೇಗ, ಆದಷ್ಟು ಸಮನಾಗಿ. ಕೊನೆಗೆ ‘ಪತಕ ಪತಕ ಪತಕ’. ಮೊದಲು ನೀವು ಹೇಳಿ ತೋರಿಸಿ. ಧ್ವನಿಮುದ್ರಿಸಿಕೊಂಡು, ಆರಂಭದ ತಡವರಿಕೆ ಮತ್ತು ಉಸಿರು ಮುಗಿಯುವ ತುದಿ ಎರಡನ್ನೂ ಬಿಟ್ಟು ನಡುವಿನ ಭಾಗವನ್ನು ಎಣಿಸಿ. ಆರೋಗ್ಯವಂತ ವಯಸ್ಕರಲ್ಲಿ ಸೆಕೆಂಡಿಗೆ ಸುಮಾರು ಐದರಿಂದ ಏಳು ಅಕ್ಷರ. ‘ಕ’ ಉಳಿದೆರಡಕ್ಕಿಂತ ಸ್ವಲ್ಪ ನಿಧಾನ ಇರುವುದು ಸಹಜ, ನಾಲಿಗೆಯ ಹಿಂಭಾಗ ಭಾರ.

ವೇಗಕ್ಕಿಂತ ವಿನ್ಯಾಸ ಮುಖ್ಯ. ‘ಪಪಪ’, ‘ತತತ’ ಬಿಡಿಬಿಡಿಯಾಗಿ ಸರಿಯಿದ್ದು ‘ಪತಕ’ ಮಾತ್ರ ಕುಸಿದರೆ, ಅಕ್ಷರಗಳು ಅದಲುಬದಲಾದರೆ, ಬಾಯಿ ದನಿಯಿಲ್ಲದೆ ಜಾಗ ಹುಡುಕಾಡಿದರೆ, ಯೋಜನೆಯ ತೊಂದರೆ, ಅಂದರೆ ಅಪ್ರಾಕ್ಸಿಯಾ ಕಡೆಗೆ ಬೆರಳು ತೋರುತ್ತದೆ. ಎಲ್ಲವೂ ನಿಧಾನ ಆದರೆ ಸಮನಾಗಿದ್ದರೆ ಸ್ಪಾಸ್ಟಿಕ್ (ಸ್ನಾಯು ಬಿಗಿದ) ಡಿಸಾರ್ಥ್ರಿಯಾ, ಅಂದರೆ ಸ್ನಾಯುವಿನ ನಿಯಂತ್ರಣ ಕೆಟ್ಟ ಮಾತಿನ ತೊಂದರೆ. ಒಂದು ಉದ್ದ ಒಂದು ಗಿಡ್ಡ, ಒಂದು ಜೋರು ಒಂದು ಮೆಲ್ಲಗೆ, ಹೀಗೆ ಲಯವೇ ಕೆಟ್ಟಿದ್ದರೆ ಕಿರುಮೆದುಳಿನ ಬಗೆಯದು. ವೇಗ ಸರಿಯಿದ್ದೂ ಅಥವಾ ಹೆಚ್ಚಿದ್ದೂ ತುಟಿಯ ಚಲನೆ ಕಿರಿದಾಗುತ್ತ ಅಕ್ಷರಗಳು ಕಲಸಿಹೋದರೆ ಪಾರ್ಕಿನ್ಸನ್ ಬಗೆಯದು. ‘ಪಪಪ’ ಹೇಳುವಾಗ ಮೂಗಿನಿಂದ ಗಾಳಿ ಸೋರಿ ‘ಮಮಮ’ದಂತೆ ಕೇಳಿದರೆ ಮೆತು ಅಂಗುಳದ ಬಲಹೀನತೆ ಪರೀಕ್ಷಿಸಿ.

ಇದೊಂದರ ಮೇಲೇ ತೀರ್ಮಾನ ಬೇಡ. ‘ಮನೆ – ಮನೆತನ – ಮನೆತನದವರು’ ಹೀಗೆ ಉದ್ದವಾಗುವ ಪದಗಳನ್ನು ಹೇಳಿಸಿ. ಅಪ್ರಾಕ್ಸಿಯಾದಲ್ಲಿ ಉದ್ದವಾದಷ್ಟೂ ತಪ್ಪು ಹೆಚ್ಚುತ್ತದೆ. ವಾರದ ದಿನಗಳನ್ನು ಹೇಳುವಂಥ ಬಾಯಿಪಾಠದ ಮಾತು ಅದೇ ವ್ಯಕ್ತಿಗೆ ಬಹಳ ಸಲ ಸರಾಗವಾಗಿ ಬರುತ್ತದೆ. ಡಿಸಾರ್ಥ್ರಿಯಾದಲ್ಲಿ ಬಾಯಿಪಾಠದ್ದೂ ಹೊಸದೂ ಹೆಚ್ಚುಕಡಿಮೆ ಒಂದೇ ರೀತಿ ಕೆಟ್ಟಿರುತ್ತದೆ. ಎರಡೂ ಒಟ್ಟಿಗಿರುವ ರೋಗಿಗಳು ಅಪರೂಪವಲ್ಲ.

ಹೆಜ್ಜೆಗತಿ
ಪಾರ್ಕಿನ್ಸನ್ ಬಗ್ಗೆ ಒಂದು ಸೇರಿಕೆ. ಅವರಿಗೆ ‘ಜೋರಾಗಿ ಮಾತಾಡಿ’ ಎಂಬ ಒಂದೇ ಸೂಚನೆ ಕೊಟ್ಟರೆ ಉಪಯೋಗವಿದೆ. ಎಲ್‌ಎಸ್‌ವಿಟಿ ಲೌಡ್ ಎಂಬ ದನಿ ಚಿಕಿತ್ಸೆಯ ಪದ್ಧತಿ ನಿಂತಿರುವುದು ಇದರ ಮೇಲೆ: ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ, ಒಂದೊಂದು ಗಂಟೆಯ 16 ಅವಧಿ. ಅಡ್ಡಿಯಾಗುವುದು ಅಳತೆಯ ಅರಿವು. ಸಹಜ ಮಟ್ಟದ ದನಿ ಬಂದಾಗ ಅವರಿಗೆ ‘ಕೂಗಾಡುತ್ತಿದ್ದೇನೆ’ ಅನ್ನಿಸುತ್ತದೆ. ‘ನಿಮಗೆ ಕೂಗಿದಂತೆ ಅನ್ನಿಸಿದ್ದೇ ಬೇರೆಯವರಿಗೆ ಸಹಜ’ ಎಂದು ಧ್ವನಿಮುದ್ರಣ ಕೇಳಿಸಿ ಮನವರಿಕೆ ಮಾಡದಿದ್ದರೆ ಬಾಗಿಲು ದಾಟುತ್ತಲೇ ದನಿ ಮತ್ತೆ ಕುಗ್ಗುತ್ತದೆ. ನಡಿಗೆಯಲ್ಲೂ ಇದೇ ಕಿರಿದಾಗುವಿಕೆ. ನೆಲದ ಮೇಲೆ ಹೆಜ್ಜೆಯಳತೆಗೆ ಅಡ್ಡಗೆರೆ ಹಾಕಿದರೆ, ಒಳಗಿನ ಪ್ರೇರಣೆ ಕೊಡಬೇಕಿದ್ದ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದ ಕೊರತೆಯನ್ನು ಕಣ್ಣಿನ ದಾರಿ ತುಂಬಿಕೊಡುತ್ತದೆ.

ಪ್ರಶ್ನಾರ್ಥಕ
ಅಭ್ಯಾಸವನ್ನು ಒಂದೇ ಪದವನ್ನು ಇಪ್ಪತ್ತು ಸಲ ಹೇಳಿಸಿ ಮಾಡಿಸುವುದೋ, ಕಲಸಿ ಮಾಡಿಸುವುದೋ?

ಅಳತೆಗೋಲು
1979ರಲ್ಲಿ ಶಿಯಾ ಮತ್ತು ಮಾರ್ಗನ್ ಕೈಚಲನೆಯಲ್ಲಿ ತೋರಿಸಿದ್ದು: ಒಂದನ್ನೇ ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದು, ಕಲಸಿ ಮಾಡಿದವರು ಆಮೇಲೆ ಪರೀಕ್ಷಿಸಿದಾಗ ಮುಂದು. ಕಲಸಿ ಮಾಡುವಾಗ ಪ್ರತಿ ಸಲವೂ ಯೋಜನೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ, ಸಾಲಾಗಿ ಹೇಳುವಾಗ ಕಟ್ಟಿದ್ದನ್ನೇ ಮತ್ತೆ ಓಡಿಸಿದರೆ ಸಾಕು. ಪದ ಒಮ್ಮೆಯೂ ಸರಿ ಬಾರದ ತೀವ್ರ ಅಪ್ರಾಕ್ಸಿಯಾದಲ್ಲಿ ಮೊದಲು ಸಾಲಾಗಿಯೇ ಶುರುಮಾಡಿ. ನಾಲ್ಕೈದು ಸಲ ಸರಿ ಬರತೊಡಗಿದ ಮೇಲೆ ಕಲಸಿ. ಪ್ರತಿ ಸಲವೂ ‘ಸರಿ, ತಪ್ಪು’ ಹೇಳಬೇಡಿ. ಒಂದೆರಡು ಸೆಕೆಂಡ್ ಬಿಟ್ಟು, ಕೆಲವು ಸಲ ಮಾತ್ರ ಹೇಳಿ. ಆ ಬಿಡುವಿನಲ್ಲೇ ಅವರು ತಮ್ಮ ತಪ್ಪನ್ನು ತಾವೇ ತೂಗಿ ನೋಡುತ್ತಾರೆ. ಪ್ರಗತಿಯನ್ನು ಅವಧಿಯ ಕೊನೆಯಲ್ಲಿ ಅಳೆಯದೆ ಮುಂದಿನ ಅವಧಿಯ ಶುರುವಿನಲ್ಲಿ ಅಳೆಯಿರಿ.

ತರಗತಿಮಿತ್ರ
ಎಲ್ಲರಿಗೂ ಧನ್ಯವಾದ. ಸಲಕರಣೆ ನೋಡಿದರೆ ಪ್ರಿಸಂ, ‘ಸೀರೆ-ಸೂಜಿ’, ತಡವಾದ ದನಿ, ಈ ಮೂರು ಆಗುತ್ತವೆ. ಪ್ರಿಸಂ ಕೊನೆಗಿಟ್ಟರೆ ತೊಂದರೆಯೇ?

ಕದಲಿಕೆ
ಮೊದಲಿಗಿಡಿ. ಕೊನೆಗಿಟ್ಟರೆ ಸಮಯ ಸಾಲದೆ ತೆಗೆದ ಮೇಲಿನ 20 ಎಸೆತಗಳನ್ನೇ ಕತ್ತರಿಸುತ್ತಾರೆ, ಪ್ರಯೋಗದ ಅರ್ಥವೇ ಹೋಗುತ್ತದೆ. ಎರಡನೆಯ ಕಾರಣ ಸುರಕ್ಷತೆ. ಎಸೆತ ಮೊದಲಿನ 15ರ ಹರವಿನೊಳಗೆ ಮರಳುವವರೆಗೆ ಎಸೆಸಿ. ಇಪ್ಪತ್ತರಲ್ಲಿ ಆಗದಿದ್ದರೆ ಇನ್ನೂ ಹತ್ತು. ಅದಾದ ಮೇಲೂ ಕೆಲವು ನಿಮಿಷ ಕೋಣೆಯಲ್ಲೇ ಓಡಾಡಲಿ, ಅವರನ್ನು ಮೆಟ್ಟಿಲ ಕಡೆಗೆ ಕಳಿಸುವುದು ಆಮೇಲೆ.